ಕಳುವಾಗದೆ ಕಾಣೆಯಾದ ಗಿಟಾರ್

"ಕಳ್ಳತನ ಆಗಿದೆ ದೋನ್ಯಾ. ಆದ್ರೆ ಏನೂ ಕಳೆದುಹೋಗಿಲ್ಲ," ಎಂದಳು ಒಳಗೆ ಬಂದ ಹೆಣ್ಣುಮಗಳು.

ಆ ಮಾತು ಅವಳಿಗೇ ಹುಚ್ಚುಹುಚ್ಚಾಗಿ ಕೇಳಿಸಿತೇನೋ, ಕುರ್ಚಿಯ ಅಂಚಿನಲ್ಲಿ ಕೂತು ಒದ್ದೆ ಕೊಡೆಯನ್ನು ಎದೆಗೆ ಅವಚಿಕೊಂಡಳು. ಸೊಯ್ಲೊ ಎದ್ದು ಹೋಗಿ ಕೊಡೆಯನ್ನು ಮೆಲ್ಲಗೆ ಬಿಡಿಸಿಕೊಂಡು ಬಾಗಿಲ ಹಿಂದೆ ಒರಗಿಸಿದ. ಅವನು ಟ್ಯಾಕ್ಸಿ ಓಡಿಸುವವನು. ಊರೆಲ್ಲ 'ದೋನ್ಯಾ' ಎಂದು ಗೌರವದಿಂದ ಕರೆಯುವ ಪತ್ತೇದಾರಿಣಿ ಫ್ವೆನ್ಸಾಂತ ಪೊಯಾತೊ ಅವರನ್ನು ಯಾವತ್ತೋ ಒಂದು ಮಧ್ಯಾಹ್ನ ರೈಲ್ವೆ ಸ್ಟೇಷನ್ನಿಗೆ ಬಿಟ್ಟುಬರಲು ಹೋಗಿ, ದಾರಿಯಲ್ಲೇ ಒಬ್ಬ ಮೋಸಗಾರನನ್ನು ಹಿಡಿಯುವುದಕ್ಕೆ ಕೈಜೋಡಿಸಿದ್ದ. ಅವತ್ತಿನಿಂದ ಅವರ ಒಂದು ಪ್ರಕರಣವನ್ನೂ ಬಿಟ್ಟಿರಲಿಲ್ಲ. ಕೊರ್ದೋಬಾದ ಹಳೇ ಪೇಟೆಯಲ್ಲಿ, ಔಷಧಿ ಅಂಗಡಿಯ ಮಹಡಿಯ ಮೇಲಿದ್ದ ಆ ಕಚೇರಿಯೇ ಬಾಡಿಗೆ ಸಿಗದ ಹೊತ್ತಿನಲ್ಲೆಲ್ಲ ಅವನ ಠಿಕಾಣಿ.

ಫ್ವೆನ್ಸಾಂತ ನಗಲಿಲ್ಲ. ವಿಮಾ ಕಂಪನಿಯೊಂದರಲ್ಲಿ ಸುಳ್ಳು ಬೆಂಕಿ, ಸುಳ್ಳು ಅಪಘಾತಗಳನ್ನು ಹುಡುಕುತ್ತಲೇ ಅರ್ಧ ಆಯುಷ್ಯ ಕಳೆದ ಅವರಿಗೆ ವಿಚಿತ್ರ ಮಾತುಗಳು ಹೊಸದಲ್ಲ.

"ಮೊದಲಿಂದ ಹೇಳು ಮಗಳೇ. ಹೆಸರು?"

"ಅರಸೇಲಿ. ಗಿಟಾರ್ ನುಡಿಸ್ತೀನಿ. ಶನಿವಾರ ನಮ್ಮ ಫ್ಲಮೆಂಕೊ ಸಂಘದಲ್ಲಿ ಪೆರ್ದಿಸ್ ಹಾಡ್ತಾರೆ. ಅವರಿಗೆ ಈ ಸಲ ನಾನು ನುಡಿಸ್ಬೇಕು. ಮೊದಲನೇ ಸಲ."

ಪೆರ್ದಿಸ್ ಎಂಬ ಹೆಸರು ಕೇಳಿ ಸೊಯ್ಲೊನ ಬೆನ್ನು ನೆಟ್ಟಗಾಯಿತು. ಆ ಗಾಯಕಿ ಬಾಯಿ ತೆರೆದರೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಇಸ್ಪೀಟು ಆಡುವವರೂ ಎಲೆ ಕೆಳಗಿಡುತ್ತಿದ್ದರು.

"ಅವರಿಗೆ ನುಡಿಸ್ತಿದ್ದಿದ್ದು ಎಲಿಸೆಯೊ ಅಲ್ವಾ?" ಎಂದ ಅವನು.

"ಅವರು ನಮ್ಮ ಮಾಮ. ಅಮ್ಮನ ಅಣ್ಣ. ನಂಗೆ ಕಲಿಸಿದ್ದೂ ಅವರೇ. ಪೆರ್ದಿಸ್ ನನ್ನ ಕರೆದಾಗ 'ಹೋಗು ಮಗಳೇ, ನನ್ನ ಬೆರಳು ದಣಿದಿವೆ' ಅಂತ ಅವರೇ ಕಳಿಸಿದ್ರು. ಹೊಸ ಗಿಟಾರ್ ಆರಿಸೋಕೂ ಜೊತೆಗೆ ಬಂದಿದ್ರು."

ಆಮೇಲೆ ಅರಸೇಲಿಗೆ ಮಾತು ಸಲೀಸಾಯಿತು. ಸೋಮವಾರ ಬೆಳಿಗ್ಗೆ ಇಬ್ಬರೂ ಬಾಲ್ದೊಮೆರೊ ಯೂಸ್ತೆಯ ಕಾರ್ಯಾಗಾರಕ್ಕೆ ಹೋಗಿದ್ದರು. ಅವನು ಮೂರು ಗಿಟಾರುಗಳನ್ನು ಮುಂದಿಟ್ಟ. ಮೂರೂ ಒಂದೇ ಸೈಪ್ರಸ್ ಮರದ ಮೈ, ಒಂದೇ ಬಣ್ಣ, ಒಂದೇ ಅಳತೆ. ಬಾಲ್ದೊಮೆರೊ ಹೆಸರಿನ ಚೀಟಿ ಅಂಟಿಸುವವನಲ್ಲ. ಒಳಗೆ ಕಾದ ಕಬ್ಬಿಣದಿಂದ ಮುದ್ರೆ ಒತ್ತುತ್ತಾನೆ, ಅದೂ ಎಲ್ಲಕ್ಕೂ ಒಂದೇ.

"ಮೂರರಲ್ಲೂ ಒಂದೇ ಸೊಲೆಯಾ ಧಾಟಿ ನುಡಿಸಿದೆ. ಮೊದಲನೇದು ಸಿಹಿ, ಕೇಳ್ತಾ ಕೇಳ್ತಾ ನಿದ್ದೆ ಬರತ್ತೆ. ಮೂರನೇದು ಕಿರುಚತ್ತೆ. ನಡುವಿಂದು ಒಣ ದನಿ ದೋನ್ಯಾ. ಹೊಡೆದ ತಕ್ಷಣ ಉತ್ತರ ಕೊಟ್ಟು ಸುಮ್ನಾಗತ್ತೆ. ಹಾಡೋರಿಗೆ ಜಾಗ ಬಿಡೋ ಗಿಟಾರ್. ಮಾಮ ಮೊದಲನೇದೇ ತಗೋ ಅಂದ್ರು. ನಾನು ಕೇಳಲಿಲ್ಲ."

"ಬೇಜಾರು ಮಾಡ್ಕೊಂಡ್ರಾ?"

"ಇಲ್ಲ, ನಕ್ರು. ಇನ್ನೊಂದ್ಸಲ ನುಡಿಸು ಅಂದ್ರು. ಆಗಲೇ ಒಂದು ಎಡವಟ್ಟಾಯ್ತು." ಫ್ಲಮೆಂಕೊದಲ್ಲಿ ನುಡಿಸುತ್ತಲೇ ಉಂಗುರ ಬೆರಳಿನಿಂದ ಗಿಟಾರಿನ ಎದೆಗೆ ಕುಟ್ಟುತ್ತಾರೆ; ಆ ಪೆಟ್ಟು ತಡೆಯಲೆಂದು ತಂತಿಗಳ ಕೆಳಗೆ ತೆಳುವಾದ ಪಾರದರ್ಶಕ ಹಾಳೆ ಅಂಟಿಸಿರುತ್ತಾರೆ. "ನನ್ನ ಉಗುರು ಹಾಳೆಯ ಅಂಚು ದಾಟಿ ಮೆರುಗಿನ ಮೇಲೆ ಬಿತ್ತು. ಸಣ್ಣ ಅರ್ಧಚಂದ್ರದ ಗುರುತಾಯ್ತು. ಮಾಮ ಹೆಬ್ಬೆರಳು ಒದ್ದೆ ಮಾಡಿ ಉಜ್ಜಿ ನೋಡಿದ್ರು, ಹೋಗಲಿಲ್ಲ. ಕೆಲಸಗಾರ ದಾಮಿಯಾನ್ ಮೆರುಗು ಹಚ್ಚಿ ಸರಿಮಾಡ್ತೀನಿ ಅಂದ. ನಾನೇ ಬೇಡ ಅಂದೆ. ನನ್ನ ಮೊದಲ ಪೆಟ್ಟು, ಇರಲಿ ಅಂತ."

ಆ ಹೊತ್ತಿಗೆ ಮಳೆ ಹಿಡಿದಿತ್ತು. ಅರಸೇಲಿ ಪೆಟ್ಟಿಗೆ ತಂದಿರಲಿಲ್ಲ. ದಾಮಿಯಾನ್ ಗಿಟಾರಿನ ತಲೆಗೆ ಒಂದು ಕೆಂಪು ದಾರ ಕಟ್ಟಿ ಮುಂದಿನ ಕೋಣೆಯ ಮೊಳೆಗೆ ನೇತುಹಾಕಿದ. ಮರುದಿನ, ಅಂದರೆ ಇವತ್ತು ಬೆಳಿಗ್ಗೆ, ಅವಳು ಪೆಟ್ಟಿಗೆ ಹಿಡಿದುಕೊಂಡು ಹೋದಳು.

"ಎರಡು ಸಾಲು ನುಡಿಸಿದೆ. ಅದಲ್ಲ ಇದು ಅಂದೆ. ಬಾಲ್ದೊಮೆರೊ ಮಿಕ್ಕ ಎರಡನ್ನೂ ಕೊಟ್ರು. ಒಂದು ಸಿಹಿ, ಒಂದು ಕಿರುಚೋದು, ಎರಡೂ ನಿನ್ನೆಯವೇ. ಆದ್ರೆ ನನ್ನದು ಇಲ್ಲ! ನಿನ್ನೆ ಮೂರಿದ್ವು, ಇವತ್ತೂ ಮೂರಿವೆ. ನಾನು ಆರಿಸಿದ್ದು ಮಾತ್ರ ಇಲ್ಲ."

"ಕೆಂಪು ದಾರ?"

"ಇತ್ತು."

"ಉಗುರಿನ ಗುರುತು?"

ಅರಸೇಲಿಯ ಕಣ್ಣು ತುಂಬಿ ಬಂತು. "ಅದೂ ಇತ್ತು ದೋನ್ಯಾ. ಅದಕ್ಕೇ ಯಾರೂ ನಂಬ್ತಿಲ್ಲ. 'ನಿನ್ನ ಉಗುರಿನ ಗುರುತೇ ಇಲ್ಲಿದೆ, ನನ್ನನ್ನ ಕಳ್ಳ ಅಂತೀಯಾ?' ಅಂತ ಬಾಲ್ದೊಮೆರೊ ಕೂಗಾಡಿದ್ರು. ಗಿಟಾರ್ ಅಲ್ಲೇ ಬಿಟ್ಟು ಬಂದೆ. ಮನೇಲಿ ಅಮ್ಮ, 'ಹೆದರಿಕೆಗೆ ಕಿವಿ ಕೆಟ್ಟಿದೆ, ಪೆರ್ದಿಸ್‌ಗೆ ಆಗಲ್ಲ ಅಂತ ಹೇಳಿಬಿಡು' ಅಂದ್ಲು."

"ಮಾಮ?"

"ಬೇಳೆಸಾರು ತಿಂತಿದ್ರು. 'ವೇದಿಕೆ ಹತ್ತಿರ ಬಂದಾಗ ಕಿವಿ ಸುಳ್ಳು ಹೇಳತ್ತೆ ಮಗಳೇ' ಅಂದ್ರು."

ಫ್ವೆನ್ಸಾಂತ ಕಿಟಕಿಯತ್ತ ನೋಡುತ್ತ ಕೇಳಿದರು: "ದನಿ ಬಿಡು. ದನಿ ನನ್ನಂಥೋರಿಗೆ ಸಾಕ್ಷಿ ಆಗಲ್ಲ. ಇನ್ನೇನು ಬೇರೆ ಇತ್ತು? ಕೈಗೆ ತಿಳಿದದ್ದು?"

ಅರಸೇಲಿ ಯೋಚಿಸಿದಳು. "ಬಿರಡೆ! ನಿನ್ನೆ ಎರಡು ಸಾಲಿಗೊಂದ್ಸಲ ಬಿರಡೆ ತಿರುಗಿಸಿ ಶ್ರುತಿ ಸರಿಮಾಡ್ಕೋತಿದ್ದೆ. ಇವತ್ತು ಶ್ರುತಿ ಅಲ್ಲಾಡಲೇ ಇಲ್ಲ."

ಫ್ವೆನ್ಸಾಂತ ಎದ್ದು ಕೋಟು ತೊಟ್ಟರು. "ನಿನ್ನ ಕಿವಿ ಚೆನ್ನಾಗಿದೆ. ಪೆರ್ದಿಸ್‌ಗೆ ಏನೂ ಹೇಳ್ಬೇಡ. ಸೊಯ್ಲೊ, ಗಾಡಿ ತೆಗಿ."

ಬಾಲ್ದೊಮೆರೊ ಯೂಸ್ತೆಯ ಕಾರ್ಯಾಗಾರ ಸ್ಯಾನ್ ಅಗುಸ್ತಿನ್ ಚೌಕದ ಹಿಂದಿನ ಇಕ್ಕಟ್ಟು ಓಣಿಯಲ್ಲಿತ್ತು. ಮುಂದೆ ಗಿರಾಕಿಗಳ ಕೋಣೆ, ಹಿಂದೆ ಕೆಲಸದ ಕೋಣೆ, ಮೇಲೆ ಮನೆ. ಎತ್ತಿನಂಥ ಭುಜದ ಮುದುಕ ಬಾಲ್ದೊಮೆರೊ ಒಂದು ಹಲಗೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಿದ್ದ. ಪಕ್ಕದಲ್ಲಿ ದಾಮಿಯಾನ್ ಬಾಗಿಸಿದ ತೆಳು ಪಟ್ಟಿಯೊಂದಕ್ಕೆ ಕ್ಲ್ಯಾಂಪು ಬಿಗಿಯುತ್ತಿದ್ದ. ನಲವತ್ತರ ಆಸುಪಾಸಿನ ಮಿತಭಾಷಿ. ಹಸಿ ಮೆರುಗಿಗೆ ಗೀರು ಬೀಳಬಾರದೆಂದು ಇಬ್ಬರೂ ಉಗುರುಗಳನ್ನು ಮಾಂಸದವರೆಗೆ ಕತ್ತರಿಸಿಕೊಂಡಿದ್ದರು.

"ಓಹೋ, ಪತ್ತೇದಾರರನ್ನೂ ಕಳಿಸಿದ್ಲಾ?" ಎಂದ ಬಾಲ್ದೊಮೆರೊ ಹಲಗೆ ಕೆಳಗಿಡದೆ. "ನೋಡಿ ದೋನ್ಯಾ, ನಮ್ಮಪ್ಪ ಇದೇ ಮೇಜಿನ ಮೇಲೆ ಗಿಟಾರ್ ಮಾಡ್ತಿದ್ದ. ಇಲ್ಲಿಂದ ಒಬ್ಬರೂ ಮೋಸಹೋಗಿ ಆಚೆ ಹೋಗಿಲ್ಲ."

"ನೀವು ಮೋಸ ಮಾಡಿದ್ರಿ ಅಂತ ನಾನು ಅಂದ್ನಾ? ಅದನ್ನ ನೋಡಬಹುದಾ?"

ಕೆಂಪು ದಾರದ ಗಿಟಾರು ಮೊಳೆಯಿಂದ ಇಳಿದು ಬಂತು. ಫ್ವೆನ್ಸಾಂತ ಕನ್ನಡಕ ಏರಿಸಿಕೊಂಡು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಾಳೆಯ ಕೆಳಗಿನ ಅಂಚಿನ ಆಚೆ ಅರ್ಧಚಂದ್ರದ ಗುರುತು ಇತ್ತು. ಅದರ ಹೊಟ್ಟೆ ತಂತಿಗಳ ಕಡೆಗೆ, ಎರಡು ತುದಿಗಳು ಕೆಳಗೆ. ತುಂಬಾ ಹೊತ್ತು ನೋಡಿದ ಮೇಲೆ ಅವರು ಮಾಡಿದ ಕೆಲಸ ಬಾಲ್ದೊಮೆರೊನನ್ನು ಬೆಪ್ಪಾಗಿಸಿತು. ಗಿಟಾರಿನ ನಡುವಿನ ದುಂಡು ಬಾಯಿಗೆ ಮೂಗು ಇಟ್ಟು ಉಸಿರೆಳೆದರು.

"ಸೊಯ್ಲೊ, ನೀನೂ ಮೂಸಿ ನೋಡು. ಆಮೇಲೆ ಆ ಎರಡನ್ನೂ."

ಸೊಯ್ಲೊ ಮೂಸಿದ. ಮಿಕ್ಕ ಎರಡರಿಂದ ಬಂದದ್ದು ಹೊಸ ಸೈಪ್ರಸ್ಸಿನ ಖಾರದ ವಾಸನೆ. ಕೆಂಪು ದಾರದ್ದರಲ್ಲಿ ಅದರ ಜೊತೆಗೆ ಇನ್ನೊಂದಿತ್ತು: ಸಿಹಿ, ಸ್ವಲ್ಪ ಹುಳಿ, ಹಣ್ಣಿನದೋ ಹೂವಿನದೋ. ಯಾಕೋ ಅವನಿಗೆ ಅಜ್ಜಿಯ ಮನೆಯಲ್ಲಿ ಹೊದೆಯುತ್ತಿದ್ದ ಬಿಳಿ ದುಪ್ಪಟಿ ನೆನಪಾಯಿತು.

"ನಮ್ಮಜ್ಜಿ ಮನೆ ಥರ ಇದೆ," ಎಂದ. ದಾಮಿಯಾನ್‌ಗೆ ನಗು ಬಂತು.

"ತಂತಿ ಯಾವಾಗ ಹಾಕಿದ್ದು?" ಎಂದು ಫ್ವೆನ್ಸಾಂತ ಅವನನ್ನು ಕೇಳಿದರು.

"ಸೋಮವಾರ ಬೆಳಿಗ್ಗೆ, ಅವಳು ಬರೋ ಮುಂಚೆ. ಮೂರಕ್ಕೂ ನಾನೇ ಹಾಕಿದೆ."

"ಈ ಮರದಲ್ಲಿ ಎಷ್ಟು ಗಿಟಾರ್ ಮಾಡಿದ್ರಿ?"

"ನಾಲ್ಕು," ಎಂದ ಬಾಲ್ದೊಮೆರೊ. "ಅಕ್ಕತಂಗಿಯರು. ಮೊದಲನೇದು ಹೋದ ಚಳಿಗಾಲದಲ್ಲೇ ಸೆವಿಲ್ಯಾದ ಅಂಗಡಿಗೆ ಹೋಯ್ತು. ಯಾರು ಕೊಂಡ್ರೋ ಗೊತ್ತಿಲ್ಲ."

"ಸೋಮವಾರ ಸಂಜೆ ಇಲ್ಲಿಗೆ ಯಾರು ಯಾರು ಬಂದಿದ್ರು?"

ಬಾಲ್ದೊಮೆರೊ ಚೌಕದ ಬಾರಿನಲ್ಲಿದ್ದನಂತೆ. ದಾಮಿಯಾನ್ ನೆನಪಿಸಿಕೊಂಡ. "ಹಿಸಾಯೊ ಬಂದಿದ್ಲು, ಬೀಸಣಿಗೆ ಅಂಗಡಿಯ ಜಪಾನಿನೋಳು. ಅವಳಿಗೆ ಆ ನಡುವಿನ ಗಿಟಾರ್ ಮೇಲೆ ಮೊದಲಿಂದ ಆಸೆ. ದಾರ ನೋಡಿ ಮುಖ ಸಣ್ಣ ಮಾಡ್ಕೊಂಡ್ಲು. ತನ್ನ ಗಿಟಾರಿಗೆ ತಂತಿ ಹಾಕಿಸ್ಕೊಂಡು ಹೋದ್ಲು. ಅವಳಿದ್ದಾಗಲೇ ಎಲಿಸೆಯೊನೂ ಬಂದ್ರು. ತಮ್ಮ ಗಿಟಾರಿನ ಬಿರಡೆ ಜಾರ್ತಿದೆ, ನೋಡು ಅಂದ್ರು. ಕೈ ಬಿಡುವಿಲ್ಲ, ಮುಂದಿನ ಕೋಣೇಲಿ ಕೂತಿರಿ ಅಂದೆ. ಸ್ವಲ್ಪ ಹೊತ್ತು ಕಾದು, ಇನ್ನೊಂದಿನ ಬರ್ತೀನಿ ಅಂತ ಕೂಗಿ ಹೊರಟುಹೋದ್ರು."

"ಇಬ್ಬರ ಕೈಲೂ ಪೆಟ್ಟಿಗೆ ಇತ್ತು ಅನ್ನು."

"ಇತ್ತು. ಇಬ್ಬರೂ ಪೆಟ್ಟಿಗೆ ತಂದ್ರು, ಇಬ್ಬರೂ ಪೆಟ್ಟಿಗೆ ತಗೊಂಡು ಹೋದ್ರು."

ಬರುವಾಗ ಬಾಲ್ದೊಮೆರೊನಿಂದ ಮೆರುಗು ಹಚ್ಚಿದ ಒಂದು ತುಂಡು ಹಲಗೆಯನ್ನು ಫ್ವೆನ್ಸಾಂತ ಕೇಳಿ ಪಡೆದರು. ಓಣಿಗೆ ಇಳಿದ ಕೂಡಲೇ ಸೊಯ್ಲೊ ತಡೆಯಲಾರದೆ ಅಂದ: "ಜಪಾನಿನೋಳೇ ದೋನ್ಯಾ. ಆಸೆ ಇತ್ತು, ಪೆಟ್ಟಿಗೆ ಇತ್ತು. ಇನ್ನೇನು ಬೇಕು?"

"ಆಸೆಪಟ್ಟೋರೆಲ್ಲ ಕಳ್ಳರಾದ್ರೆ ಈ ಊರಲ್ಲಿ ಜೈಲು ಸಾಲದು. ನಡಿ, ಅವಳನ್ನೂ ನೋಡೋಣ."

ಹಿಸಾಯೊ ಫ್ಲಮೆಂಕೊ ಕುಣಿತ ಕಲಿಯಲು ಬಂದು ಇಲ್ಲೇ ಉಳಿದುಬಿಟ್ಟವಳು. ಆಳು ಪುಟ್ಟದು, ಮಾತು ಸೊಯ್ಲೊಗಿಂತ ಚುರುಕು.

"ನಾನು ಕದ್ದೆ ಅಂತಾನಾ ಆ ದಾಮಿಯಾನ್?" ಬೀಸಣಿಗೆಯನ್ನು ಪಟಾರನೆ ಮಡಚಿದಳು. "ನನ್ನ ಪೆಟ್ಟಿಗೆ ತೆಗೆದು ಗಿಟಾರ್ ಆಚೆ ಇಟ್ಟಿದ್ದು ಅವನೇ, ತಂತಿ ಹಾಕಿ ಒಳಗಿಟ್ಟು ಬೀಗ ಒತ್ತಿದ್ದೂ ಅವನೇ. ಪೂರ್ತಿ ಹೊತ್ತು ಅವನ ಪಕ್ಕದಲ್ಲೇ ನಿಂತು ತಲೆ ತಿಂತಿದ್ದೆ, ಬೇಕಾದ್ರೆ ಕೇಳಿ! ಆ ಗಿಟಾರ್ ಹುಡುಗಿ ಕೈ ಸೇರ್ತಲ್ಲ ಅಂತ ಹೊಟ್ಟೆ ಉರೀತು, ಅದು ನಿಜ. ಮನೆಗೆ ಹೋಗಿ ಒಂದು ಪಾತ್ರೆ ಅನ್ನ ತಿಂದೆ, ಸರಿಹೋಯ್ತು."

"ನಿನ್ನ ಬಲಗೈ ತೋರಿಸು ಮಗಳೇ," ಎಂದರು ಫ್ವೆನ್ಸಾಂತ. ಹೆಬ್ಬೆರಳಿನ ಉಗುರು ನೀಳವಾಗಿತ್ತು, ಆದರೆ ಅವರೆಕಾಳಿನಷ್ಟೇ ಅಗಲ. ಫ್ವೆನ್ಸಾಂತ ಒಂದು ಬೀಸಣಿಗೆ ಕೊಂಡು ಹೊರಬಿದ್ದರು.

ಮರುದಿನ ಬೆಳಿಗ್ಗೆ ಅರಸೇಲಿಯ ಮನೆಗೆ ಹೋದರು. ಒಂದೇ ಅಂಗಳದ ಸುತ್ತ ನಾಲ್ಕಾರು ಸಂಸಾರಗಳಿದ್ದ ಮನೆ. ಅರಸೇಲಿಯ ತಾಯಿ ತ್ರಿನಿದಾದ್ ಅಡಿಗೆಮನೆಯಲ್ಲಿ ದೊಡ್ಡ ಕಡಾಯಿಯ ಮುಂದೆ ನಿಂತು ಬೆವರುತ್ತಿದ್ದಳು.

"ಕೂತ್ಕೊಳಿ ದೋನ್ಯಾ. ನಮ್ಮ ಹುಡುಗಿ ನಿಮ್ಮ ತಲೇನೂ ಕೆಡಿಸಿದ್ಲಾ? ತಗೊಳಿ, ಬಿಸಿ ಇದೆ, ನಿಧಾನ." ತಟ್ಟೆಯಲ್ಲಿ ಕೆಂಪಗೆ ಹೊಳೆಯುವ, ಹಲ್ವದಂಥ ತಿಂಡಿ. ಮೆಂಬ್ರಿಯೊ ಹಣ್ಣಿಗೆ ಸಕ್ಕರೆ ಹಾಕಿ ಕುದಿಸಿ ಗಟ್ಟಿ ಮಾಡಿದ್ದು. ಬುಟ್ಟಿಯಲ್ಲಿ ಇನ್ನೂ ಹಣ್ಣುಗಳಿದ್ದವು, ಸೇಬಿಗಿಂತ ದಪ್ಪ, ಹಳದಿ, ಕಲ್ಲಿನಷ್ಟು ಗಟ್ಟಿ.

"ಈ ಸಲ ತುಂಬಾ ಬಂದಿದೆ. ಎಷ್ಟು ಅಂತ ಕುದಿಸೋದು? ಬಟ್ಟೆ ಬೀರುಗೂ ಹಾಕಿದೀನಿ, ಒಳ್ಳೆ ಪರಿಮಳ. ನನ್ನ ಬೀರುಗೆ, ಮಗಳ ಬೀರುಗೆ, ಅಣ್ಣನ ಬೀರುಗೆ. ಅವನಿಗೆ ಹೆಂಡತಿ ಇಲ್ಲ ನೋಡಿ, ಎಲ್ಲ ನಾನೇ ಮಾಡ್ಬೇಕು."

ಸೊಯ್ಲೊ ತಿಂಡಿಯ ತುಂಡನ್ನು ಬಾಯಿಗಿಡಲು ಹೋಗಿ ಹಾಗೇ ನಿಂತ. ಅಜ್ಜಿಯ ದುಪ್ಪಟಿಯ ವಾಸನೆ! ಅವನು ಫ್ವೆನ್ಸಾಂತರ ಮುಖ ನೋಡಿದ. ಅವರು ಶಾಂತವಾಗಿ ಎರಡನೇ ತುಂಡು ತಿನ್ನುತ್ತಿದ್ದರು.

ಅಂಗಳದ ಆ ಬದಿಯ ಕೋಣೆಯ ಹೊಸಿಲಲ್ಲಿ ಎಲಿಸೆಯೊ ಸಿಗರೇಟು ಸೇದುತ್ತ ಕೂತಿದ್ದ. ಒಣಗಿದ ದೇಹ, ಬೆಳ್ಳಿ ಕೂದಲು, ಇಸ್ತ್ರಿ ಮಾಡಿದ ಅಂಗಿ. ಬಲಗೈ ಹೆಬ್ಬೆರಳಿನ ಉಗುರು ಅಗಲವಾಗಿ, ಅಂಟು ಬಳಿದು ಗಟ್ಟಿ ಮಾಡಿದ ಚಮಚದಂತೆ ಇತ್ತು.

"ಹುಡುಗಿಗೆ ಸ್ವಲ್ಪ ಧೈರ್ಯ ಹೇಳಿ ದೋನ್ಯಾ," ಎಂದ. "ಮೊದಲ ಸಲ ಎಲ್ಲರಿಗೂ ಹೀಗೇ ಆಗತ್ತೆ."

"ಹೇಳ್ತೀನಿ. ನಾಳೆ ಸಂಜೆ ಬಾಲ್ದೊಮೆರೊ ಹತ್ರ ಎಲ್ಲರೂ ಸೇರ್ತಿದೀವಿ. ನೀವೂ ಬನ್ನಿ."

ಅವನ ಸಿಗರೇಟಿನ ಬೂದಿ ಅಂಗಿಯ ಮೇಲೆ ಉದುರಿತು. "ಬರ್ತೀನಿ," ಎಂದ.

ಕಚೇರಿಗೆ ಹಿಂದಿರುಗಿದ ಮೇಲೆ ಫ್ವೆನ್ಸಾಂತ ಅರಸೇಲಿಯನ್ನು ಕರೆಸಿ ತುಂಡು ಹಲಗೆಯ ಮೇಲೆ ಗಿಟಾರಿನ ಮೇಲೆ ಕುಟ್ಟುವ ಹಾಗೆಯೇ ಕುಟ್ಟಿಸಿದರು. ಅವಳನ್ನು ಕಳಿಸಿ ಸೆವಿಲ್ಯಾಗೆ ಒಂದು ಫೋನ್ ಮಾಡಿದರು. ಗೆದ್ದಾಗ ಅವರು ಸಾಮಾನ್ಯವಾಗಿ ಕಾಫಿ ತರಿಸುತ್ತಿದ್ದರು, ಅವತ್ತು ತರಿಸಲಿಲ್ಲ.

ಗುರುವಾರ ಸಂಜೆ ಕಾರ್ಯಾಗಾರದ ಮುಂದಿನ ಕೋಣೆಯಲ್ಲಿ ಬಾಲ್ದೊಮೆರೊ, ದಾಮಿಯಾನ್, ಹಿಸಾಯೊ, ಅರಸೇಲಿ, ಎಲಿಸೆಯೊ ಸುತ್ತ ಕೂತರು. ಸೊಯ್ಲೊ ಬಾಗಿಲಿಗೆ ಒರಗಿ ನಿಂತ. ಮೇಜಿನ ಮೇಲೆ ಕೆಂಪು ದಾರದ ಗಿಟಾರು.

"ಮೊದಲು ಇದು ಅದಲ್ಲ ಅನ್ನೋದು," ಎಂದು ಶುರುಮಾಡಿದರು ಫ್ವೆನ್ಸಾಂತ. "ದಾಮಿಯಾನ್, ಹೊಸ ತಂತಿ ಶ್ರುತಿ ನಿಲ್ಲೋಕೆ ಎಷ್ಟು ದಿನ ಬೇಕು?"

"ನಾಲ್ಕೈದು ದಿನ. ಅಲ್ಲೀವರೆಗೆ ಜಗ್ತಾನೇ ಇರ್ತವೆ."

"ಸೋಮವಾರ ಬೆಳಿಗ್ಗೆ ಹಾಕಿದ ತಂತಿ ಮಂಗಳವಾರ ಬೆಳಿಗ್ಗೆ ಅಲ್ಲಾಡಲಿಲ್ಲ. ಅಂದ್ರೆ ಇದಕ್ಕೆ ತಂತಿ ಹಾಕಿ ತಿಂಗಳುಗಳೇ ಆಗಿವೆ. ಯಾರೂ ನುಡಿಸದೆ ಇಟ್ಟಿದ್ದರಿಂದ ಹೊಸದರ ಹಾಗೇ ಹೊಳೀತಿವೆ. ಹಾಗಾದ್ರೆ ಇದು ಯಾವುದು? ಅದೇ ಮರ, ಅದೇ ಮುದ್ರೆ. ಇದು ಸೆವಿಲ್ಯಾಗೆ ಹೋದ ದೊಡ್ಡಕ್ಕ."

ಬಾಲ್ದೊಮೆರೊ ಕುರ್ಚಿಯಿಂದ ಅರ್ಧ ಎದ್ದ. ಗಿಟಾರು ಎಳೆದುಕೊಂಡು ಅದರ ಎದೆಗೆ ಗೆಣ್ಣಿನಿಂದ ತಟ್ಟಿ ಕೇಳಿದ. ಮತ್ತೆ ತಟ್ಟಿದ. ನಿಧಾನವಾಗಿ ಕೂತ. "ಕೋಪದಲ್ಲಿ ನಾನು ತಟ್ಟಿ ಕೂಡ ನೋಡಲಿಲ್ಲ," ಎಂದ ಸಣ್ಣ ದನಿಯಲ್ಲಿ.

"ಇನ್ನು ಈ ಗುರುತು. ಗಿಟಾರುಗಳು ತಪ್ಪಿ ಅದಲು ಬದಲಾಗಿದ್ರೆ ಇದರ ಮೇಲೆ ಗುರುತೇ ಇರ್ತಿರಲಿಲ್ಲ. ಬೇಕಂತಲೇ ಬದಲಾಯಿಸಿದೋರು ದಾರ ಬಿಚ್ಚಿ ಇದಕ್ಕೆ ಕಟ್ಟಿ, ಗುರುತನ್ನೂ ಮಾಡಿಟ್ರು. ಹುಡುಗಿ ಸುಳ್ಳು ಹೇಳ್ತಾಳೆ ಅಂತ ಎಲ್ಲರೂ ಅಂದಿದ್ದು ಈ ಗುರುತಿನಿಂದ. ನಂಗೆ ಕಳ್ಳತನ ನಡೆದಿದೆ ಅಂತ ಖಾತ್ರಿಯಾಗಿದ್ದೂ ಇದರಿಂದಲೇ." ಅವರು ತುಂಡು ಹಲಗೆಯನ್ನು ಗಿಟಾರಿನ ಪಕ್ಕದಲ್ಲಿಟ್ಟರು. "ಇದು ಅರಸೇಲಿ ಕುಟ್ಟಿದ್ದು. ನುಡಿಸೋವಾಗ ಬೆರಳು ನೆಲ ನೋಡ್ತಿರತ್ತೆ, ಚಂದ್ರನ ಹೊಟ್ಟೆ ನೆಲದ ಕಡೆ. ಗಿಟಾರಿನ ಮೇಲಿರೋದು ಉಲ್ಟಾ, ಹೊಟ್ಟೆ ತಂತಿ ಕಡೆಗೆ. ಗಿಟಾರನ್ನ ಮಲಗಿಸ್ಕೊಂಡು ಕೆಳಗಿನ ಬದಿಯಿಂದ ಒತ್ತಿದ್ದು. ಜೊತೆಗೆ ಅಗಲ ನೋಡಿ. ಇದು ಉಂಗುರ ಬೆರಳಲ್ಲ, ಹೆಬ್ಬೆರಳು."

ಎಲ್ಲರೂ ಅರಿವಿಲ್ಲದೆ ತಂತಮ್ಮ ಕೈ ನೋಡಿಕೊಂಡರು.

"ದಾಮಿಯಾನ್, ಬಾಲ್ದೊಮೆರೊ, ನಿಮ್ಮಿಬ್ಬರಿಗೂ ಉಗುರೇ ಇಲ್ಲ. ನೀವು ಮಾಡಿದ್ರೆ ಉಳಿಯಿಂದ ಮಾಡ್ತಿದ್ರಿ, ಹೊಸ ತಂತಿ ಹಾಕೋದನ್ನೂ ಮರೀತಿರಲಿಲ್ಲ, ಡ್ರಾಯರ್ ತುಂಬ ಇವೆ. ಇದು ನುಡಿಸೋರ ಉಗುರು. ಹಿಸಾಯೊ ಉಗುರು ಈ ಗುರುತಿನ ಅರ್ಧ ಇಲ್ಲ. ಅವಳ ಪೆಟ್ಟಿಗೆ ತೆಗೆದಿದ್ದು, ಮುಚ್ಚಿದ್ದು ಎರಡೂ ನೀನೇ ಅಲ್ವಾ ದಾಮಿಯಾನ್?"

"ನಾನೇ," ಎಂದ ಅವನು. ಹಿಸಾಯೊ ಅವನತ್ತ ಬೀಸಣಿಗೆ ಝಾಡಿಸಿದಳು.

"ಕಡೇದು ವಾಸನೆ. ಈ ಗಿಟಾರಿನ ಹೊಟ್ಟೇಲಿ ಮೆಂಬ್ರಿಯೊ ಹಣ್ಣಿನ ಪರಿಮಳ ಇದೆ. ಬಟ್ಟೆ ಬೀರುವಿನಲ್ಲಿ ಹಣ್ಣಿನ ಜೊತೆ ಇದ್ದ ಗಿಟಾರ್ ಇದು. ಅರಸೇಲಿ ಇದನ್ನ ಮನೆಗೆ ಒಯ್ಯಲೇ ಇಲ್ಲ, ಅಲ್ಲಿಂದ ಅಂಟಿದ್ದಲ್ಲ. ಹಣ್ಣು ಇಟ್ಟಿರೋ ಬೀರು, ಅಗಲವಾದ ಹೆಬ್ಬೆರಳುಗುರು, ಸೋಮವಾರ ಸಂಜೆ ಈ ಕೋಣೇಲಿ ಒಬ್ಬರೇ ಕೂತಿದ್ದು, ಯಾರೂ ತೆಗೆದು ನೋಡದ ಪೆಟ್ಟಿಗೆ, ಗುರುತು ಎಲ್ಲಿದೆ ಅಂತ ಮುಟ್ಟಿ ನೋಡಿದ ಕೈ." ಅವರು ದನಿ ತಗ್ಗಿಸಿದರು. "ಸೆವಿಲ್ಯಾದ ಅಂಗಡಿಯವರು ಕೊಂಡೋರ ಹೆಸರು ಹೇಳಿದ್ರು. ನಾನು ಹೇಳಬೇಕಾ, ನೀವೇ ಹೇಳ್ತೀರಾ?"

ಅರಸೇಲಿ ಮೆಲ್ಲಗೆ ತಲೆ ತಿರುಗಿಸಿದಳು. "ಮಾಮ?"

ಎಲಿಸೆಯೊ ಜೇಬಿನಿಂದ ಕೀಲಿಕೈ ತೆಗೆದು ಸೊಯ್ಲೊನತ್ತ ಚಾಚಿದ. "ಬೀರುವಿನ ಕೆಳಗಿನ ಖಾನೆ," ಎಂದ.

ಸೊಯ್ಲೊ ಹೋಗಿ ಬಂದ. ಬೀರು ತೆರೆದಾಗ ಆ ಪರಿಮಳ ಮುಖಕ್ಕೆ ಹೊಡೆದು ಅವನಿಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಮಡಚಿದ ದುಪ್ಪಟಿಗಳ ನಡುವೆ ಗಿಟಾರನ್ನು ಕೂಸನ್ನು ಮಲಗಿಸಿದ ಹಾಗೆ ಮಲಗಿಸಿತ್ತು. ಎದೆಯ ಮೇಲೆ ಸಣ್ಣ ಅರ್ಧಚಂದ್ರ, ಹೊಟ್ಟೆ ಸರಿಯಾದ ಕಡೆಗೆ.

ಅವನು ಬರುವಷ್ಟರಲ್ಲಿ ಕಾರ್ಯಾಗಾರದಲ್ಲಿ ಯಾರೂ ಕೂತ ಜಾಗ ಬಿಟ್ಟಿರಲಿಲ್ಲ. ಅರಸೇಲಿ ಗಿಟಾರು ತೊಡೆಯ ಮೇಲಿಟ್ಟುಕೊಂಡು ಶ್ರುತಿ ಮಾಡಿ ಎರಡೇ ಸಾಲು ನುಡಿಸಿದಳು. ಕುಟ್ಟಿದಳು. ದನಿ ಎದ್ದು, ಉತ್ತರ ಕೊಟ್ಟು, ಸುಮ್ಮನಾಯಿತು. ಹಿಸಾಯೊ ತನ್ನ ಊರಿನ ಭಾಷೆಯಲ್ಲಿ ಏನೋ ಅಂದಳು.

"ಯಾಕೆ ಮಾಮ?"

"ಪೆರ್ದಿಸ್ ಹೋದ ವರ್ಷವೇ ನನ್ನ ನುಡಿಸಾಣಿಕೆ ಭಾರ ಆಯ್ತು ಅಂದಿದ್ಲು," ಎಂದ ಎಲಿಸೆಯೊ. "ಹೊಸ ಗಿಟಾರ್ ಬಂದ್ರೆ ಸರಿಹೋಗತ್ತೆ ಅಂದ್ಕೊಂಡೆ. ಬಾಲ್ದೊಮೆರೊ ಹತ್ರ ಬರೋಕೆ ಮುಖ ಇರಲಿಲ್ಲ. 'ನಿಮ್ಮಪ್ಪನ ಕೈ ನಿನಗೆ ಬರಲಿಲ್ಲ' ಅಂತ ಇಷ್ಟು ವರ್ಷ ಆಡ್ಕೊಂಡೋನು ನಾನು. ಸೆವಿಲ್ಯಾಗೆ ಹೋಗಿ ಕದ್ದುಮುಚ್ಚಿ ಕೊಂಡೆ. ಅದು ನನ್ನ ಹತ್ರ ಬಾಯೇ ಬಿಡಲಿಲ್ಲ. ಬೀರುವಿನಲ್ಲಿಟ್ಟೆ. ಸೋಮವಾರ ಇವಳು ಅದರ ತಂಗೀನ ಮುಟ್ಟಿದ್ಲು ನೋಡಿ... ನಾನು ಜೀವನ ಪೂರ್ತಿ ಹುಡುಕಿದ ದನಿ ಅದು. ತಪ್ಪು ಗಿಟಾರ್ ಕೊಂಡಿದ್ದೆ, ಅಷ್ಟೇ, ಅನ್ನಿಸ್ತು. ಸರಿಯಾದ್ದು ಸಿಕ್ಕಿದ್ರೆ..."

"ಮನೆಗೆ ಒಯ್ದು ನುಡಿಸಿದ್ರಾ?" ಎಂದರು ಫ್ವೆನ್ಸಾಂತ.

"ನುಡಿಸಿದೆ."

"ಮತ್ತೆ?"

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ಅದೂ ಅಷ್ಟೇ."

ಸೊಯ್ಲೊಗೆ ಅವನ ಮುಖ ನೋಡಲಾಗಲಿಲ್ಲ. ಅರಸೇಲಿ ಮಾತ್ರ ಕಣ್ಣು ತೆಗೆಯಲಿಲ್ಲ.

"ಗಿಟಾರ್ ಬೇಕು ಅಂದಿದ್ರೆ ಅವತ್ತೇ ಕೊಡ್ತಿದ್ದೆ ಮಾಮ. ಹಳೇದರಲ್ಲೇ ನುಡಿಸ್ತಿದ್ದೆ. ಆದ್ರೆ ಅಮ್ಮ ನನ್ನ ಹುಚ್ಚಿ ಅಂದಾಗ ನೀವು ಅಲ್ಲೇ ಕೂತು ಬೇಳೆಸಾರು ತಿಂತಿದ್ರಿ. ಕಿವಿ ಸುಳ್ಳು ಹೇಳತ್ತೆ ಅಂದ್ರಿ. ಈ ಕಿವಿ ಕೊಟ್ಟೋರೇ ನೀವು. ಎಂಟು ವರ್ಷದೋಳಿದ್ದಾಗಿಂದ ತಿದ್ದಿ ತೀಡಿ ಮಾಡಿದ ಕಿವಿ. ಅದನ್ನ ಸುಳ್ಳು ಅನ್ನೋಕೆ ಹೆಂಗೆ ಬಾಯಿ ಬಂತು?"

ಎಲಿಸೆಯೊ ಹೆಬ್ಬೆರಳನ್ನು ಅಂಗೈಯೊಳಗೆ ಮುಚ್ಚಿಕೊಂಡ.

"ಪೊಲೀಸರಿಗೆ ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು ಮಗಳೇ," ಎಂದರು ಫ್ವೆನ್ಸಾಂತ.

"ಪೊಲೀಸರು ಬೇಡ. ನನ್ನ ಕಿವಿ ಕೆಟ್ಟಿದೆ ಅಂತ ಓಣಿ ಪೂರ್ತಿ ಗೊತ್ತಾಗಿದೆ. ಸರಿ ಇದೆ ಅಂತ್ಲೂ ಗೊತ್ತಾಗ್ಬೇಕು. ಇವರೇ ಹೇಳ್ಬೇಕು." ಅವಳು ಗಿಟಾರು ಪೆಟ್ಟಿಗೆಗೆ ಇಳಿಸಿ, ಮಾಮನ ಕಡೆ ತಿರುಗಿ ನೋಡದೆ ಹೊರಗೆ ಹೋದಳು.

ಉಳಿದವರು ಒಬ್ಬೊಬ್ಬರಾಗಿ ಎದ್ದರು. ಬಾಲ್ದೊಮೆರೊ ಮಾತ್ರ ಎಲಿಸೆಯೊನ ಮುಂದೆ ಬಂದು ನಿಂತ. ಬಯ್ಯುತ್ತಾನೆ ಎಂದುಕೊಂಡ ಸೊಯ್ಲೊ.

"ಇದನ್ನ ಇಲ್ಲೇ ಬಿಟ್ಟು ಹೋಗು," ಎಂದ ಬಾಲ್ದೊಮೆರೊ, ಕೆಂಪು ದಾರ ಬಿಚ್ಚುತ್ತ. "ಎದೆ ಹಲಗೆ ದಪ್ಪ ಉಳಿದಿದೆ. ಸೆವಿಲ್ಯಾದೋರು ಅವಸರ ಮಾಡಿದ್ರು, ನಾನೂ ಕಳಿಸಿಬಿಟ್ಟೆ. ಇನ್ನಷ್ಟು ಕೆರೀಬೇಕು. ನಮ್ಮಪ್ಪ ಆಗಿದ್ರೆ ಕಳಿಸ್ತಿರಲಿಲ್ಲ, ಅದು ನೀನು ಹೇಳಿದ್ದು ಸರಿ."

ಶನಿವಾರ ಸಂಘದ ಸಭಾಂಗಣ ತುಂಬಿ ಬಾಗಿಲಲ್ಲೂ ಜನ ನಿಂತಿದ್ದರು. ತ್ರಿನಿದಾದ್ ಮೊದಲ ಸಾಲಿನಲ್ಲಿ ಕರವಸ್ತ್ರ ಹಿಂಡುತ್ತಿದ್ದಳು. ವೇದಿಕೆಯ ಮೇಲೆ ಎರಡು ಹುಲ್ಲಿನ ಕುರ್ಚಿ. ಕಪ್ಪು ಶಾಲು ಹೊದ್ದ ಪೆರ್ದಿಸ್ ಒಂದರಲ್ಲಿ, ಗಿಟಾರು ಅಪ್ಪಿಕೊಂಡ ಅರಸೇಲಿ ಇನ್ನೊಂದರಲ್ಲಿ. ಎಲಿಸೆಯೊ ಎಲ್ಲೂ ಕಾಣಲಿಲ್ಲ.

"ಬರಲ್ಲ," ಎಂದ ಸೊಯ್ಲೊ.

"ಬಂದಾಗಿದೆ," ಎಂದರು ಫ್ವೆನ್ಸಾಂತ.

ಬಾಗಿಲ ಬಳಿ ಜನ ಸರಿದು ದಾರಿ ಬಿಟ್ಟರು. ಎಲಿಸೆಯೊ ಕುರ್ಚಿಗಳ ನಡುವೆ ಅರ್ಧ ದಾರಿ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಮೈಗಂಟಿದ ಕೋಟು, ಬಲಗೈ ಹೆಬ್ಬೆರಳಿನ ಉಗುರನ್ನು ಮೊಟಕಾಗಿ ಕತ್ತರಿಸಿಕೊಂಡಿದ್ದ.

"ಎಲ್ಲರೂ ಒಂದ್ನಿಮಿಷ," ಎಂದ. ಗುಸುಗುಸು ನಿಂತಿತು. "ಈ ಹುಡುಗಿ ಗಿಟಾರ್ ಬದಲಾಗಿದೆ ಅಂದ್ಲು, ನೀವೆಲ್ಲ ಕೇಳಿದೀರಿ. ಅವಳ ಕಿವಿ ಕೆಟ್ಟಿದೆ ಅಂತ್ಲೂ ಕೇಳಿದೀರಿ. ಬದಲಾಯಿಸಿದ್ದು ನಾನು. ಎರಡು ಸಾಲು ನುಡಿಸಿ ಕಂಡುಹಿಡಿದ್ಲು. ನನಗಾಗಿದ್ರೆ ಒಂದು ವಾರ ಬೇಕಾಗ್ತಿತ್ತು, ಆಮೇಲೂ ಹೇಳೋ ಧೈರ್ಯ ಇರ್ತಿರಲಿಲ್ಲ. ಅಷ್ಟೇ. ಇನ್ನು ಬಯ್ಯೋರು ಬಯ್ಯಿ."

ಯಾರೂ ಬಯ್ಯಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ತ್ರಿನಿದಾದ್ ಅಣ್ಣನನ್ನೊಮ್ಮೆ, ಮಗಳನ್ನೊಮ್ಮೆ ನೋಡಿ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು. ಪೆರ್ದಿಸ್ ತನ್ನ ಶಾಲು ಸರಿಪಡಿಸಿಕೊಂಡು ಅರಸೇಲಿಯತ್ತ ನೋಡಿದಳು.

"ಕೂತ್ಕೊಳಿ ಮಾಮ," ಎಂದಳು ಅರಸೇಲಿ ಬಿರಡೆ ತಿರುಗಿಸುತ್ತ. "ಹಾಡೋರು ಕಾಯ್ತಿದಾರೆ."

ದಾಮಿಯಾನ್ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಎಲಿಸೆಯೊ ಕೂತ. ಗಿಟಾರು ಶುರುವಾಯಿತು, ಗಾಯಕಿಯ ದನಿ ಅದರ ಮೇಲೆ ಏರಿತು. ಮೊದಲ ಸಾಲು ಮುಗಿಯುವವರೆಗೆ ಅವನು ತಲೆ ತಗ್ಗಿಸಿಕೊಂಡೇ ಇದ್ದ. ಎರಡನೆಯ ಸಾಲಿಗೆ ಅವನ ಅಂಗೈಗಳು ಮೇಲೆದ್ದು, ಮೆತ್ತಗೆ, ಒಂದು ಪೆಟ್ಟೂ ತಪ್ಪದೆ, ಮಗಳಂತೆ ಸಾಕಿದ ಆ ಹುಡುಗಿಗೆ ತಾಳ ಹಾಕತೊಡಗಿದವು.